ಹಾಡಿಗೊಂದು ಖುಲಾಸೆ ಪತ್ರ

ನನ್ನ ಮಗ ಸುಹಾಸ್ ಒಳ್ಳೆಯವನು. ತೊಂದರೆ ಇರುವುದೇ ಅಲ್ಲಿ. ನಗುತ್ತಾ ಮಾತಾಡಿಸಿದವರಿಗೆಲ್ಲ ಹೂಂ ಅಂದುಬಿಡುತ್ತಾನೆ, ಆಮೇಲೆ ಮನೆಗೆ ಬಂದು ತಿಳಿಸುತ್ತಾನೆ. ಏಪ್ರಿಲ್ ಮಧ್ಯದ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದೆವು. ನಾವಿಬ್ಬರು ಮೂರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದ ಸ್ವೀಡನ್ನಿನ ಈ ವೆಸ್ಟೆರಾಸಿನಲ್ಲಿ ಆರು ಗಂಟೆಗೇ ರಾತ್ರಿಯೂಟ, ಹೊರಗೆ ಇನ್ನೂ ಬಿಸಿಲಿರುತ್ತದೆ. ನಾನು ಫ್ರೀಜರಿನ ಪಾಲಕ್ ಸೊಪ್ಪಿನಲ್ಲೇ ಹೇಗೋ ಒಂದು ಬಸ್ಸಾರು ಮಾಡಿದ್ದೆ.

"ಗುರುವಾರ ರೆನಾತೋ ಬರ್ತಿದಾರೆ," ಎಂದ ಸುಹಾಸ್, ತಟ್ಟೆ ನೋಡಿಕೊಂಡು. "ನಾಲ್ಕು ದಿನ ಇರ್ತಾರೆ. ಹೋಟೆಲ್ ಬುಕ್ ಆಗಿದೆ. ಊಟ ಮಾತ್ರ ನಮ್ಮನೇಲಿ."

ರೆನಾತೋ ಎಂದರೆ ನನ್ನ ಸೊಸೆ ಲಿಗಾಯಾಳ ಅಣ್ಣ. ಫಿಲಿಪೀನ್ಸಿನಲ್ಲಿ ಅವರದು ರಾಜಕೀಯದ ಮನೆತನ. ಅಜ್ಜ ಮೇಯರ್, ಅಪ್ಪ ಮೇಯರ್, ಈಗ ಅಣ್ಣ ಮೇಯರ್, ಮೇ ತಿಂಗಳಲ್ಲಿ ಮತ್ತೆ ಚುನಾವಣೆ. ಲಿಗಾಯಾ ಮಾತ್ರ ಇಪ್ಪತ್ತೆರಡನೇ ವಯಸ್ಸಿಗೆ ಆ ಮನೆ ಬಿಟ್ಟು ಸಂಗೀತ ಕಲಿಯಲು ಸ್ವೀಡನ್ನಿಗೆ ಬಂದವಳು ಮತ್ತೆ ತಿರುಗಿ ಹೋಗಿಲ್ಲ. ಇಲ್ಲಿನ ನಗರಸಭೆಯ ಸಂಗೀತ ಶಾಲೆಯಲ್ಲಿ ಪಿಯಾನೋ ಕಲಿಸುತ್ತಾಳೆ, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾಳೆ, ತನ್ನವೇ ಹಾಡು ಕಟ್ಟಿ ಹಾಡುತ್ತಾಳೆ. ಮದುವೆಯಾಗಿ ಎಂಟು ವರ್ಷ, ಇಳಾ ಅಂತ ಒಬ್ಬಳು ಮಗಳು. ತವರಿನಿಂದ ಒಂದು ಫೋನು ಬಂದಿದ್ದನ್ನೂ ನಾನು ಕಂಡಿರಲಿಲ್ಲ.

ಅವಳು ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ಯಾರು ಕರೆದಿದ್ದು?"

"ಅವರೇ ಕೇಳಿದ್ರು. ಆರು ತಿಂಗಳಿಂದ ಮೆಸೇಜ್ ಮಾಡ್ತಿದಾರೆ. ನಿಮ್ಮಪ್ಪ ಹಾಸಿಗೆ ಹಿಡಿದಿದಾರಂತೆ. ಇಳಾಗೂ ಆ ಕಡೆ ಜನ ಬೇಡ್ವಾ?"

"ಆರು ತಿಂಗಳಿಂದ," ಎಂದಳು ಲಿಗಾಯಾ. ಅಷ್ಟೇ. ಎದ್ದು ಬಟ್ಟೆ ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು.

ನಮ್ಮ ಯಜಮಾನರು ರಘುನಾಥರಾಯರ ಕಿವಿಗೆ ಇದ್ಯಾವುದೂ ಬೀಳಲಿಲ್ಲ. ಚನ್ನಪಟ್ಟಣದಲ್ಲಿ ಒಂದು ಸಲ ಪುರಸಭೆ ಚುನಾವಣೆಗೆ ನಿಂತು ಅರವತ್ತೊಂದು ಓಟಿನಿಂದ ಸೋತವರು ಇವರು. ಅವತ್ತಿನಿಂದ ಗೆದ್ದವರನ್ನು ಕಂಡರೆ ಕೈ ಮುಗಿಯುತ್ತಾರೆ. "ಮೇಯರ್ರು ಮನೆಗೆ ಬರ್ತಾರೆ ಅಂದ್ರೆ ಬಸ್ಸಾರು ಹಾಕೋಕಾಗುತ್ತಾ ಕಣೆ? ನನ್ನ ಕೋಟು ಇಸ್ತ್ರಿ ಮಾಡ್ಬೇಕು," ಎಂದರು.

"ಮಾಡ್ಕೊಳಿ, ಇಸ್ತ್ರಿಪೆಟ್ಟಿಗೆ ಅಲ್ಲೇ ಇದೆ," ಎಂದು ನಾನು ಸೊಸೆಯ ಹಿಂದೆ ಹೋದೆ.

ಇಲ್ಲಿ ಕಟ್ಟಡಕ್ಕೆಲ್ಲ ಸೇರಿ ನೆಲಮಾಳಿಗೆಯಲ್ಲಿ ಒಂದೇ ಬಟ್ಟೆ ಒಗೆಯುವ ಕೋಣೆ. ಮೊದಲೇ ಸರದಿ ಬರೆದಿಡಬೇಕು, ಹತ್ತು ನಿಮಿಷ ಹೆಚ್ಚು ತೆಗೆದುಕೊಂಡರೆ ಯಾರೋ ಗೋಡೆಗೆ ಚೀಟಿ ಅಂಟಿಸಿ ಬೈದಿರುತ್ತಾರೆ. ಲಿಗಾಯಾ ಮೆಷಿನ್ನಿನಿಂದ ಹಾಸಿಗೆ ಬಟ್ಟೆ ಎಳೆಯುತ್ತಿದ್ದಳು. ನಾನು ಇನ್ನೊಂದು ತುದಿ ಹಿಡಿದೆ. ಮಡಚುತ್ತಾ ಮಡಚುತ್ತಾ ಹೇಳಿದಳು. ಅವಳ ಕನ್ನಡ ಚಿಕ್ಕದು, ಆದರೆ ಸಂಗೀತದ ಕಿವಿಯವಳಾದ್ದರಿಂದ ಉಚ್ಚಾರ ನನ್ನ ಮಗನಿಗಿಂತ ಚೆನ್ನ.

"ಅಲ್ಲಿ ಎಲೆಕ್ಷನ್ ಅಂದ್ರೆ ಹಾಡು, ಅತ್ತೆ. ಪ್ರತಿ ಕ್ಯಾಂಡಿಡೇಟ್‌ಗೂ ಒಂದು ಹಾಡು ಇರ್ಬೇಕು. ಗಾಡಿ ಮೇಲೆ ಸ್ಪೀಕರ್ ಕಟ್ಕೊಂಡು ಒಂದೂವರೆ ತಿಂಗಳು ಅದೇ ಹಾಡು. ಜನಕ್ಕೆ ಹೆಸರು ಮರ್ತುಹೋದ್ರೂ ಹಾಡು ಮರೆಯಲ್ಲ. ನನ್ನನ್ನ ಏಳು ವರ್ಷಕ್ಕೇ ಆ ಗಾಡಿ ಮೇಲೆ ಹತ್ತಿಸಿದ್ರು."

"ನಮ್ಮ ಕಡೆ ಬರೀ ಕೂಗ್ತಾರೆ," ಎಂದೆ.

"ಹನ್ನೊಂದು ವರ್ಷಕ್ಕೆ ನಾನೇ ಒಂದು ಹಾಡು ಮಾಡ್ದೆ. ನನ್ನ ನೋಡ್ಕೊತಿದ್ದ ಯಾಯಾಗೆ. ಯಾಯಾ ಅಂದ್ರೆ ಆಯಾ. ಪುರಿಂಗ್ ಅಂತ ಹೆಸರು. ಅವಳ ಕಾಲು ಊದ್ಕೊಂಡಿತ್ತು, ಆದ್ರೂ ಅಕ್ಕಿ ಆರಿಸ್ತಾ ಕೂತಿದ್ಲು. ನಾನು ಮೊರ ಕಿತ್ಕೊಂಡು ಅದನ್ನೇ ತಟ್ಕೊಂಡು ಹಾಡ್ದೆ. ಕೂತ್ಕೋ, ಕಾಲು ಚಾಚು, ಇವತ್ತಿನ ಕೆಲಸ ನಂದು, ಪುರಿಂಗ್. ಅಷ್ಟೇ ಹಾಡು. ಕ್ಯಾಸೆಟ್‌ನಲ್ಲಿ ರೆಕಾರ್ಡ್ ಕೂಡ ಮಾಡ್ದೆ."

ಅಪ್ಪ ಆ ಕ್ಯಾಸೆಟ್ಟು ಕೇಳಿದನಂತೆ. ಕೂತ್ಕೋ, ಇವತ್ತಿನ ಕೆಲಸ ನಂದು. ಓಟು ಕೇಳುವವನಿಗೆ ಇದಕ್ಕಿಂತ ಇನ್ನೇನು ಬೇಕು? ಸ್ಟುಡಿಯೋದವನನ್ನು ಕರೆಸಿ, ಮಗಳ ದನಿ ಹಾಗೇ ಇಟ್ಟು, ಕೊನೆಯ ಒಂದೇ ಪದ ತೆಗೆಸಿದ. ಪುರಿಂಗ್ ಇದ್ದ ಕಡೆ ತನ್ನ ಹೆಸರು ಕೂರಿಸಿದ. ಅಪ್ಪನ ನಂತರ ಅಣ್ಣನ ಹೆಸರು. ಇಪ್ಪತ್ತೈದು ವರ್ಷದಿಂದ ಆ ಊರಿನಲ್ಲಿ ಅದೇ ಹಾಡು.

"ಆಮೇಲೆ ನದಿ ಪಕ್ಕ ಪುರಿಂಗ್ ಇದ್ದ ಓಣೀನ ಅಣ್ಣ ಒಡೆಸಿದ. ಮಾರ್ಕೆಟ್ ಕಟ್ಟೋಕೆ. ನಲವತ್ತು ಮನೆ. ಜನ ಅಳೋದು, ಕಿರುಚೋದು ಫೋನ್‌ನಲ್ಲಿ ರೆಕಾರ್ಡ್ ಆಗ್ಬಾರ್ದು ಅಂತ ಓಣಿ ಬಾಯಲ್ಲಿ ಪ್ರಚಾರದ ಗಾಡಿ ನಿಲ್ಲಿಸಿ ಹಾಡು ಹಾಕ್ಸಿದ. ನನ್ನ ಹಾಡು, ಅತ್ತೆ. ನನ್ನ ದನಿ. ಪುರಿಂಗ್ ಅದನ್ನ ಕೇಳ್ಕೊಂಡೇ ತನ್ನ ಸಾಮಾನು ಹೊತ್ಲು. ಮೂರು ತಿಂಗಳಿಗೆ ಯಾರದೋ ಮನೆ ಪಡಸಾಲೇಲಿ ಸತ್ಲು."

ನಾನು ಮಡಚಿದ ಬಟ್ಟೆ ಬುಟ್ಟಿಗೆ ಹಾಕಿದೆ. "ಇದೆಲ್ಲ ಸುಹಾಸನಿಗೆ ಗೊತ್ತಾ?"

"ಮನೆ ಒಡೆದಿದ್ದು ಗೊತ್ತು. ಅದರ ವಿಡಿಯೋ ಇದೆ, ನೋಡು ಅಂದೆ ಒಂದ್ಸಲ. ಬೇಜಾರಾಗುತ್ತೆ ಬೇಡ ಅಂದ್ರು."

ಗುರುವಾರ ರೆನಾತೋ ಬಂದ. ದಪ್ಪಗೆ ಗುಂಡಗೆ ನಗುಮುಖದವನು. ಬಾಗಿಲಲ್ಲೇ ನನ್ನ ಕೈ ಹಿಡಿದು ಬಗ್ಗಿ ತನ್ನ ಹಣೆಗೆ ಮುಟ್ಟಿಸಿಕೊಂಡ. ಅವರಲ್ಲಿ ಹಿರಿಯರಿಗೆ ನಮಸ್ಕಾರ ಅಂದರೆ ಅದು. ನನಗೊಂದು ಅನಾನಸ್ ನಾರಿನ ಶಾಲು, ಇವರಿಗೆ ಕಸೂತಿ ಅಂಗಿ, ಇಳಾಗೆ ಒಣಮಾವಿನ ಪೊಟ್ಟಣಗಳು. ಸಾರು ಅನ್ನವನ್ನು ಕೈಯಲ್ಲೇ ಕಲಸಿ ತಿಂದ, ಇನ್ನೊಂದು ಸಲ ಹಾಕಿಸಿಕೊಂಡ. ನನ್ನ ಮನಸ್ಸೂ ಸ್ವಲ್ಪ ಜಾರಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಯಜಮಾನರಂತೂ ತಮ್ಮ ಅರವತ್ತೊಂದು ಓಟಿನ ಕಥೆ ಇಂಗ್ಲಿಷಿನಲ್ಲಿ ಪೂರ್ತಿ ಹೇಳಿದರು, ಅವನು ಕಣ್ಣರಳಿಸಿ ಕೇಳಿದ. ಲಿಗಾಯಾ ಬಡಿಸಿದಳು, ತೊಳೆದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅಣ್ಣನನ್ನು ಕುಯಾ ಅನ್ನಬೇಕು ಅವರಲ್ಲಿ, ಹಾಗೇ ಅಂದಳು.

ಶನಿವಾರ ಅವನು ಇಳಾಳನ್ನು ಸರೋವರದ ದಂಡೆಗೆ ಕರೆದುಕೊಂಡು ಹೋಗಿ ಐಸ್‌ಕ್ರೀಮ್ ಕೊಡಿಸಿದ. ಆರು ವರ್ಷದ ಮಗು. ಮನೆಗೆ ಬಂದದ್ದೇ ಸೋಫಾ ಮೇಲೆ ಹತ್ತಿ ನಿಂತು ಅದೇನೋ ಅರ್ಥವಾಗದ ಭಾಷೆಯಲ್ಲಿ ಒಂದು ಹಾಡು ಹಾಡಿತು. ಚಿಕ್ಕ ಹಾಡು, ಕೇಳಲು ಹಿತವಾಗಿತ್ತು. ಕೊನೆಯಲ್ಲಿ ಕೈ ಮೇಲೆತ್ತಿ "ರೆನಾತೋ" ಎಂದು ಕೂಗಿತು. ಇವರು ಚಪ್ಪಾಳೆ ತಟ್ಟಿದರು.

ಲಿಗಾಯಾ ಅಡುಗೆಮನೆಯಿಂದ ಬಂದು ಮಗುವನ್ನು ಸೋಫಾದಿಂದ ಇಳಿಸಿದಳು. "ಈ ಹಾಡು ಈ ಮನೇಲಿ ಬೇಡ."

"ವಾರ್‌ಫೊರ್?" ಎಂದು ಇಳಾ ಸ್ವೀಡಿಶಿನಲ್ಲಿ ಯಾಕೆಂದು ಕೇಳಿ ಅಪ್ಪನ ಮುಖ ನೋಡಿತು.

"ಮಗು ಮುಂದೆ ಯಾಕೆ ಸೀನ್ ಮಾಡ್ತೀಯಾ?" ಎಂದ ಸುಹಾಸ್.

"ಸೀನ್ ನಾನು ಮಾಡಿಲ್ಲ. ನೀವು ಏರ್‌ಪೋರ್ಟಿಂದ ಕರ್ಕೊಂಡು ಬಂದ್ರಿ."

ರೆನಾತೋಗೆ ಕನ್ನಡ ಬರುವುದಿಲ್ಲವಲ್ಲ, ನಗುತ್ತಲೇ ಕೂತಿದ್ದ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎರಡು ಹಾಳೆ ಹೊರಗೆ ತೆಗೆದ. ಅಪ್ಪನ ಹೆಸರಿನಲ್ಲಿ ಒಂದು ಟ್ರಸ್ಟ್ ಮಾಡಿದ್ದಾರಂತೆ, ತಂಗಿಯ ಹಾಡನ್ನು ಅದರಲ್ಲಿ ಜೋಪಾನವಾಗಿ ಇಡುತ್ತಾರಂತೆ. "ಬರೀ ಫಾರ್ಮಾಲಿಟಿ," ಎಂದ. "ಅಪ್ಪ ಕಣ್ಣು ಮುಚ್ಚೋ ಮುಂಚೆ ನೋಡ್ಬೇಕು ಅಂತಿದಾರೆ." ಸುಹಾಸ್ ಆಗಲೇ ಪೆನ್ನು ಹುಡುಕುತ್ತಿದ್ದ.

ಇಲ್ಲಿ ನನ್ನ ವಿಷಯ ಹೇಳಬೇಕು. ಮೂವತ್ತೊಂದು ವರ್ಷ ನಾನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದೆ. ಅಣ್ಣಂದಿರು ತಂಗಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಬರುವುದನ್ನು ನೋಡಿ ನೋಡಿ ಕಣ್ಣು ಸವೆದಿದೆ. ಹೊಸ ಸೀರೆ, ಮುಡಿ ತುಂಬ ಹೂವು, ಹೋಟೆಲಿನಲ್ಲಿ ಮಸಾಲೆ ದೋಸೆ. ಕೈಯಲ್ಲಿ ಹಕ್ಕು ಖುಲಾಸೆ ಪತ್ರ. ಅಪ್ಪನ ಆಸ್ತಿಯಲ್ಲಿ ನನಗೇನೂ ಬೇಡ, ಅರಿಶಿನ ಕುಂಕುಮ ಸಾಕು, ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ. ಹೆಬ್ಬೆಟ್ಟಿನವರು ಬಿಡಿ, ಓದಿದ ನಾನೇ ಬರೆದುಕೊಟ್ಟೆ. ನನ್ನಣ್ಣ ಪ್ರಹ್ಲಾದ ಒಂದು ಶುಕ್ರವಾರ ರೇಷ್ಮೆ ಸೀರೆ ತಂದ. ನನ್ನ ಟೇಬಲ್ ಮೇಲೇ ಪತ್ರ ಇಟ್ಟ, ನಾನು ಓದದೆ ರುಜು ಹಾಕಿದೆ. ಮೈಸೂರು ರಸ್ತೆಯ ಪಕ್ಕದ ಜಮೀನು, ಮನೆ, ಎಲ್ಲ. ಎರಡು ವರ್ಷ ಕಳೆದು ಅಮ್ಮನ ತಿಥಿಗೆ ಹೋದರೆ ಗೇಟಿನಲ್ಲಿ ವಾಚ್‌ಮನ್ ನನ್ನನ್ನು ನಿಲ್ಲಿಸಿ ಹೆಸರೇನು, ಯಾರು ಬೇಕು ಅಂತ ಕೇಳಿದ. ಆ ಪತ್ರಕ್ಕೆ ಸಾಕ್ಷಿ ರುಜು ಹಾಕಿದವರು ನನ್ನ ಗಂಡ.

"ಕೊಡಿ ಇಲ್ಲಿ, ನೋಡ್ತೀನಿ," ಎಂದು ನಾನು ಇಂಗ್ಲಿಷಿನಲ್ಲೇ ಹೇಳಿ ಹಾಳೆ ತೆಗೆದುಕೊಂಡೆ.

"ಅಮ್ಮ, ಅದು ಮ್ಯೂಸಿಕ್ ಪೇಪರ್, ನಿಂಗರ್ಥ ಆಗಲ್ಲ," ಎಂದ ಸುಹಾಸ್.

ಚೆನ್ನಾಗಿ ಅರ್ಥವಾಯಿತು. ಹಾಡು, ಧಾಟಿ, ಧ್ವನಿ, ಈ ಮೂರರ ಮೇಲಿನ ಸಕಲ ಹಕ್ಕು ಶಾಶ್ವತವಾಗಿ ಟ್ರಸ್ಟಿಗೆ. ಮುಂದೆ ಬೇರೆ ಯಾರಿಗೂ ಕೊಡುವಂತಿಲ್ಲ, ಟ್ರಸ್ಟಿನ ಅನುಮತಿ ಇಲ್ಲದೆ ಅವಳೂ ಹಾಡುವಂತಿಲ್ಲ. ಕೆಳಗೆ ದಿನಾಂಕ, ಈ ಏಪ್ರಿಲ್ ತಿಂಗಳದೇ, ಚುನಾವಣೆಗೆ ಸರಿಯಾಗಿ. ಊರು ಬದಲಾಗಿದೆ, ಭಾಷೆ ಬದಲಾಗಿದೆ, ಪತ್ರ ಮಾತ್ರ ಅದೇ.

ನಾನು ಎದ್ದು ರೆನಾತೋಗೆ ಶಾವಿಗೆ ಪಾಯಸ ಬಡಿಸಿದೆ. ನಗುತ್ತಾ ಬಡಿಸಿದೆ. ಬಡಿಸುತ್ತಲೇ ಸೊಸೆಗೆ ಕನ್ನಡದಲ್ಲಿ ಹೇಳಿದೆ. "ಲಿಗಾಯಾ, ಮುಖ ಹಾಗೇ ನಗುತ್ತಾ ಇಟ್ಕೊ. ಇದು ಖುಲಾಸೆ ಪತ್ರ ಕಣೆ. ಹಾಡು ಇವರದ್ದೇ ಆಗಿದ್ರೆ ಇಷ್ಟು ದೂರ ರುಜು ಕೇಳ್ಕೊಂಡು ಯಾಕೆ ಬರ್ತಿದ್ದ? ಇದು ನಿನ್ನ ಹೆಸರಲ್ಲಿ ಎಲ್ಲಾದ್ರೂ ರಿಜಿಸ್ಟರ್ ಆಗಿದೆಯಾ?"

ಅವಳು ಚಮಚ ಜೋಡಿಸುತ್ತಿದ್ದವಳು ನಿಂತಳು. "ಇಲ್ಲಿ ಹಾಡು ಮಾಡೋರೆಲ್ಲ ಒಂದು ಸಂಘದಲ್ಲಿ ಹೆಸರು ಬರೆಸ್ತಾರೆ, ಅತ್ತೆ. ನಾನು ಬಂದ ಹೊಸದರಲ್ಲೇ ನನ್ನ ಎಲ್ಲಾ ಹಾಡೂ ಬರೆಸಿದೀನಿ. ಇದನ್ನೂ." ಮತ್ತೆ ಒಂದು ಚಮಚ ಇಟ್ಟಳು. "ಫೆಬ್ರವರಿಯಿಂದ ಅವರು ಪತ್ರ ಕಳಿಸ್ತಿದಾರೆ. ಯಾರೋ ನಿನ್ನ ಹಾಡನ್ನ ಇಂಟರ್‌ನೆಟ್‌ನಲ್ಲಿ ಪ್ರಚಾರಕ್ಕೆ ಹಾಕಿದಾರೆ, ಆ ವಿಡಿಯೋ ತೆಗೆದುಹಾಕಿಸಿದೀವಿ ಅಂತ. ನಾನು ಸರಿಯಾಗಿ ಓದಿರ್ಲಿಲ್ಲ."

"ಅದೇ ಮತ್ತೆ. ಇಡೀ ಊರು ಬರೆಸ್ಕೊಂಡಿರೋರು, ಮನೆ ಮಗಳ ಹತ್ರ ಒಂದು ಕಾಗದ ಬರೆಸ್ಕೊಳೋದು ಮರ್ತಿದಾರೆ. ಮಗಳಲ್ವಾ, ಎಲ್ಲಿ ಹೋಗ್ತಾಳೆ ಅಂತ."

"ಏ ಜಾನಕಿ, ಮನೆಗೆ ಬಂದೋರ ಮುಂದೆ ಏನದು," ಎಂದರು ಇವರು ಮೆಲ್ಲಗೆ. ರೆನಾತೋ ಪಾಯಸ ಬಹಳ ಚೆನ್ನಾಗಿದೆ ಎಂದ.

"ಈಗ ಇಲ್ಲ ಅನ್ಬೇಡ," ಎಂದೆ ಅವಳಿಗೆ. "ಇಲ್ಲ ಅಂದ್ರೆ ಬೇರೆ ಹಾಡು ಮಾಡಿಸ್ತಾನೆ. ನಾಳೆ ಅನ್ನು. ನಾಳೆ ಅಂದ್ರೆ ಕಾಯ್ತಾನೆ."

ಲಿಗಾಯಾ ಅಣ್ಣನ ಕಡೆ ತಿರುಗಿದಳು. ಸಂಗೀತ ಶಾಲೆಯ ಮಕ್ಕಳ ಕಾರ್ಯಕ್ರಮ ಇದೆ, ಅದು ಮುಗಿಯಲಿ, ಓದಿ ರುಜು ಹಾಕಿ ಕಳಿಸುತ್ತೇನೆ ಎಂದಳು. ಅವನು ಎದ್ದು ತಂಗಿಯ ತಲೆ ನೇವರಿಸಿದ. ಸೋಮವಾರ ವಿಮಾನ ಹತ್ತಿದ.

ಅವತ್ತಿನಿಂದ ದಿನಕ್ಕೊಂದು ಮೆಸೇಜು. ಪೇಪರ್ ಎಲ್ಲಿ? ಲಿಗಾಯಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಉತ್ತರ ಕೊಡುತ್ತಿದ್ದಳು. ನಾಳೆ, ಕುಯಾ. ಕೊಟ್ಟ ಮೇಲೆ ಫೋನು ನನಗೆ ತೋರಿಸುತ್ತಿದ್ದಳು. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತಿತ್ತು. ಇಬ್ಬರೂ ಕೂತು ಇನ್ನೊಂದು ಕಾಗದ ಬರೆದೆವು. ಆ ಊರಿನಲ್ಲಿ ಈ ಸಲ ರೆನಾತೋ ಎದುರು ಮೇಯರ್ ಹುದ್ದೆಗೆ ನಿಂತಿದ್ದವಳು ಮಿಲಾ ಅಂತ, ಪುರಿಂಗಳ ಮಗಳು, ಸ್ಕೂಲ್ ಟೀಚರು. ಅವಳ ಹತ್ತಿರ ಜೀಪಿಲ್ಲ, ಹಾಡಿಲ್ಲ. ಲಿಗಾಯಾ ಅವಳಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದಳು, ಅದರಲ್ಲಿ ಕಾಲು ಗಂಟೆ ಇಬ್ಬರೂ ಅತ್ತರು. ಹಳೆಯ ಕ್ಯಾಸೆಟ್ಟನ್ನು ಲಿಗಾಯಾ ಮನೆ ಬಿಡುವಾಗ ತಂದಿದ್ದಳು, ಕಂಪ್ಯೂಟರಿಗೆ ಹಾಕಿಟ್ಟಿದ್ದಳು. ಹನ್ನೊಂದು ವರ್ಷದ ಹುಡುಗಿಯ ಅದೇ ದನಿ, ಕೊನೆಯಲ್ಲಿ ಪುರಿಂಗ್. ಕಾಗದದ ಜೊತೆ ಮಿಲಾಗೆ ಕಳಿಸಬೇಕಾದ್ದು ಅದೇ.

"ಒಂದೊಂದು ಶಬ್ದಾನೂ ಬರಿ," ಎಂದೆ ನಾನು. "ಈ ಹಾಡನ್ನು ಈ ಚುನಾವಣೆಗೆ ಬಳಸಲು ಮಿಲಾಗೆ ಮಾತ್ರ ಒಪ್ಪಿಗೆ. ಬೇರೆ ಯಾರಿಗೂ ಇಲ್ಲ, ಹಿಂದೆಯೂ ಕೊಟ್ಟಿಲ್ಲ. ಹಿಂದೆಯೂ ಅನ್ನೋದು ಮರೀಬೇಡ. ಕೆಳಗೆ ಇಬ್ಬರು ಸಾಕ್ಷಿ."

"ಇದಕ್ಕೆ ಸಾಕ್ಷಿ ಬೇಕಾ ಅತ್ತೆ?"

"ಕಾನೂನಿಗೆ ಬೇಡ್ದೆ ಇರಬಹುದು. ನನಗೆ ಬೇಕು."

ಏಪ್ರಿಲ್ ಮೂವತ್ತು ಇಲ್ಲಿ ಊರಿನವರೆಲ್ಲ ದೊಡ್ಡ ಬೆಂಕಿ ಹಾಕಿ ಚಳಿಗಾಲ ಕಳಿಸುವ ದಿನ. ಇಳಾ ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ಕುಣಿಯುತ್ತಿದ್ದಳು. ಸುಹಾಸ್ ಪ್ರಿಂಟರಿನಲ್ಲಿದ್ದ ಹಾಳೆ ನೋಡಿಬಿಟ್ಟ.

"ಏನಿದು? ನಾನು ಅವರಿಗೆ ಮಾತು ಕೊಟ್ಟಿದೀನಿ."

"ಯಾವುದರ ಮೇಲೆ?" ಎಂದಳು ಲಿಗಾಯಾ. "ನನ್ನ ಹಾಡಿನ ಮೇಲೆ?"

"ಅವರು ನಿನ್ನ ಸ್ವಂತ ಅಣ್ಣ. ನಿಮ್ಮಪ್ಪ ಸಾಯ್ತಿದಾರೆ. ಈಗ ಸೇಡು ತೀರಿಸ್ಕೊಳೋ ಟೈಮಾ?"

"ಹೌದು. ಸತ್ಮೇಲೆ ಅವರಿಗೆ ಕೇಳಿಸಲ್ಲ."

ಅವನು ನನ್ನ ಮೇಲೆ ತಿರುಗಿದ. "ಅಮ್ಮ, ಇದೆಲ್ಲ ನಿನ್ನ ಕೆಲಸ. ತೊಂಬತ್ತು ದಿನದ ವೀಸಾ ಮೇಲೆ ಬಂದಿದೀಯಾ, ನೀನು ಹೋಗ್ತೀಯಾ. ಇವಳಿಗೆ ತವರು ಇಲ್ದಂಗೆ ಮಾಡಿ ಹೋಗ್ತೀಯಾ."

"ತವರು ಇದ್ದೋಳು ನಾನು," ಎಂದೆ. "ವಾಚ್‌ಮನ್ ಹೆಸರು ಕೇಳ್ದ ತವರು. ಇಪ್ಪತ್ತು ವರ್ಷ ಆಯ್ತು ಸುಹಾಸ, ಒಂದು ದಿನಾನೂ ನಾನು ಪ್ರಹ್ಲಾದಣ್ಣನ್ನ ಕ್ಷಮಿಸಿಲ್ಲ. ಕ್ಷಮಿಸೋದೂ ಇಲ್ಲ. ಏನೂ ಮಾಡೋಕಾಗ್ಲಿಲ್ಲ ಅನ್ನೋದೇ ನನ್ನ ಸಂಕಟ. ಇವಳಿಗೆ ಮಾಡೋಕಾಗುತ್ತೆ. ಮಾಡ್ಲಿ."

ಲಿಗಾಯಾ ಫೋನು ಅವನ ಮುಂದೆ ಇಟ್ಟಳು. "ಎಂಟು ವರ್ಷದಿಂದ ನೋಡಿಲ್ಲ. ಇವತ್ತು ನೋಡಿ." ಆ ಓಣಿಯ ವಿಡಿಯೋ. ಜೆಸಿಬಿ, ಪೊಲೀಸರು, ಬಾಯಿ ತೆರೆದು ಅಳುತ್ತಿರುವ ಹೆಂಗಸರು. ಅಳು ಒಂದು ಚೂರೂ ಕೇಳುವುದಿಲ್ಲ. ಕೇಳುವುದು ಹಾಡು, ಮಗುವಿನ ದನಿ, ಮೇಲಿಂದ ಮೇಲೆ. ನಾಲ್ಕು ನಿಮಿಷದ್ದು. ಸುಹಾಸ್ ನಿಂತೇ ನೋಡಿದ. ಮುಗಿದ ಮೇಲೆ ಮಗಳ ಕೈ ಹಿಡಿದು ಬೆಂಕಿ ನೋಡಲು ಹೋದ.

ಕಾಗದ ಮೇಜಿನ ಮೇಲೆ ಉಳಿಯಿತು. ಲಿಗಾಯಾ ರುಜು ಹಾಕಿದಳು. ಒಂದನೇ ಸಾಕ್ಷಿ ನಾನು ಹಾಕಿದೆ. ಎರಡನೆಯ ಸಾಲು ಖಾಲಿ ಇತ್ತು. ಇವರು ಕಿಟಕಿ ಹತ್ತಿರ ಆ ಕಸೂತಿ ಅಂಗಿ ಹಾಕಿಕೊಂಡು ಕೂತಿದ್ದರು.

"ಮೇಯರ್ರು ನಮ್ಮ ಬಗ್ಗೆ ಏನಂದ್ಕೊತಾರೆ," ಎಂದರು.

"ಅವತ್ತು ನನ್ನಣ್ಣ ಏನಂದ್ಕೊತಾನೆ ಅಂತ ಹಾಕಿದ್ರಿ," ಎಂದೆ. "ಪೆನ್ನೂ ನೀವೇ ಕೊಟ್ಟಿದ್ರಿ ನನಗೆ."

ಮೈಮೇಲಿನ ಕಸೂತಿ ನೋಡಿಕೊಂಡರು. ಆಮೇಲೆ ಕೈ ಚಾಚಿದರು. "ಕೊಡು." ಕನ್ನಡದಲ್ಲೇ ರುಜು ಮಾಡಿದರು, ಪೂರ್ತಿ ಹೆಸರು, ತಂದೆ ಹೆಸರು, ಚನ್ನಪಟ್ಟಣದ ಮನೆ ನಂಬರು ಸಮೇತ. ಒಳಗೆ ಹೋಗಿ ಅಂಗಿ ಬದಲಾಯಿಸಿಕೊಂಡು ಬಂದರು. ನಾನು ಕಾಫಿ ಮಾಡಿಕೊಟ್ಟೆ.

ಸುಹಾಸ್ ಬಂದಾಗ ಲಿಗಾಯಾ ಮೊಬೈಲಿನಲ್ಲಿ ಕಾಗದದ ಫೋಟೋ ತೆಗೆಯುತ್ತಿದ್ದಳು. ಅವನ ಬಟ್ಟೆಯಿಂದ ಹೊಗೆ ವಾಸನೆ ಬರುತ್ತಿತ್ತು. "ಫೋಟೋ ವಕ್ರ ಬರುತ್ತೆ," ಎಂದ. "ತಾ. ಸ್ಕ್ಯಾನ್ ಮಾಡಿ ನಾನೇ ಕಳಿಸ್ತೀನಿ." ಅವಳು ಒಂದು ಕ್ಷಣ ಅವನನ್ನು ನೋಡಿ ಕೊಟ್ಟಳು. ಹೆಂಡತಿಯ ಕ್ಷಮೆ ಕೇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಮಾರನೆಯ ದಿನ ಪಾತ್ರೆ ಅವನೇ ತೊಳೆದ, ಅದರ ಮಾರನೆಯ ದಿನವೂ.

ಮೇ ಹತ್ತು, ಶನಿವಾರ. ಅಲ್ಲಿ ಪ್ರಚಾರದ ಕೊನೆಯ ದಿನ. ನಮಗೆ ಮಧ್ಯಾಹ್ನ ಹನ್ನೆರಡು, ಅವರಿಗೆ ಸಂಜೆ ಆರು. ನಾನು ಚಪಾತಿ ಲಟ್ಟಿಸುತ್ತಿದ್ದೆ, ಲಿಗಾಯಾ ಬೇಯಿಸುತ್ತಿದ್ದಳು. ಫೋನು ಬಂತು. ರೆನಾತೋ. ಅವಳು ಸ್ಪೀಕರಿಗೆ ಹಾಕಿ ಹಿಟ್ಟಿನ ಡಬ್ಬದ ಪಕ್ಕ ಇಟ್ಟಳು.

ಅವನು ಕಿರುಚುತ್ತಿದ್ದ. ಸುತ್ತ ಜನ, ಹಾರ್ನು, ಅದರ ಮಧ್ಯೆ ಹಾಡು. ಒಂದು ಕಡೆಯಿಂದ ಅಲ್ಲ, ನಾಲ್ಕು ಕಡೆಯಿಂದ. ಒಂದು ಮುಗಿಯುವ ಮುಂಚೆ ಇನ್ನೊಂದು ಶುರು.

"ಏನಂತೆ?" ಎಂದೆ.

"ಹತ್ತು ದಿನದಿಂದ ಊರೆಲ್ಲ ಇದೇ ಆಗಿದೆಯಂತೆ, ಈಗ ತಡೆಯೋಕಾಗ್ತಿಲ್ಲ ಅಂತಿದಾನೆ," ಎಂದಳು, ಚಪಾತಿ ಮಗುಚುತ್ತಾ. "ಮಿಲಾ ಕಡೆ ಇಪ್ಪತ್ತು ಆಟೋ ಓಡಾಡ್ತಿದೆ. ಜನ ಯಾರ ಗಾಡಿ ಅಂತ ಗೊತ್ತಾಗ್ದೆ ಎಲ್ಲದಕ್ಕೂ ಕೈ ಬೀಸ್ತಿದಾರೆ."

ಅಷ್ಟರಲ್ಲಿ ಅವನು ಯಾರನ್ನೋ ಗದರಿಸಿದ. ಏನೋ ಒಡೆದ ಸದ್ದು. ಇನ್ಯಾರೋ ಅಳುಕಿನಿಂದ ಏನೋ ಹೇಳಿದ. ಲಿಗಾಯಾಳ ಕೈ ನಿಂತಿತು.

"ಆ ಗಾಡಿ ನಿಲ್ಲಿಸಿ, ಸ್ಪೀಕರ್ ಒಡೀರಿ ಅಂದ. ಅವನ ಹುಡುಗರು ಒಡೆದ್ರು. ಡ್ರೈವರ್ ಹೇಳ್ತಿದಾನೆ, ಸಾರ್, ಇದು ನಮ್ಮದೇ ಗಾಡಿ ಅಂತ."

ನನ್ನ ಗಂಡ ಪತ್ರಿಕೆ ಕೆಳಗಿಟ್ಟರು. ಸುಹಾಸ್ ಬಂದು ಬಾಗಿಲಲ್ಲಿ ನಿಂತ.

ಫೋನಿನಲ್ಲಿ ಈಗ ಅವನು ಇಂಗ್ಲಿಷಿಗೆ ಬಂದಿದ್ದ, ನಮಗೂ ಅರ್ಥವಾಯಿತು. ದನಿ ಇಳಿದಿತ್ತು. "ಲಿಗಾಯಾ, ಎರಡೂ ಒಂದೇ ದನಿ. ನನ್ನದು ಯಾವುದು, ಅವಳದು ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಅದೊಂದು ಹೇಳು ಸಾಕು."

ಅವಳು ಒಲೆ ಆರಿಸಿದಳು. ಕೈ ಒರೆಸಿಕೊಂಡು ಫೋನಿನ ಹತ್ತಿರ ಬಗ್ಗಿದಳು.

"ಸುಲಭ, ಕುಯಾ. ಗಾಡಿ ಪಕ್ಕ ನಿಂತ್ಕೊ. ಹಾಡು ಪೂರ್ತಿ ಕೇಳು. ಕೊನೇಲಿ ಅವಳ ಹೆಸರು ಬರುತ್ತೆ."

ಅವನು ಫೋನ್ ಇಡಲಿಲ್ಲ. ಒಂದು ಹಾಡು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಕೂತ್ಕೋ, ಕಾಲು ಚಾಚು, ಇವತ್ತಿನ ಕೆಲಸ ನಂದು. ನಾವು ನಾಲ್ಕು ಜನ ಅಡುಗೆಮನೆಯಲ್ಲಿ, ಅವನು ಅಲ್ಲಿ ಬೀದಿಯಲ್ಲಿ, ಎಲ್ಲರೂ ನಿಂತು ಕೊನೆಯವರೆಗೂ ಕೇಳಿದೆವು.

ಪುರಿಂಗ್.